ಪುಸ್ತಕ ಇದೆ, ಸಿಗುತ್ತಿಲ್ಲ



ನಿಮ್ಮ ಮನೆಯ ಮೊಬೈಲ್ ಫೋನಿನಲ್ಲಿ ಗ್ರಂಥಾಲಯದ ಒಂದು ಆ್ಯಪ್ ಇದೆ ಎನ್ನೋಣ. ಅದರೊಳಗೆ ಲಕ್ಷಗಟ್ಟಲೆ ಪುಸ್ತಕಗಳಿವೆ. ನಿಮಗೆ ಬೇಕಾದದ್ದು ನಾಳೆಯ ಪಾಠಕ್ಕೆ ಸಂಬಂಧಿಸಿದ ಒಂದೇ ಒಂದು ಪುಸ್ತಕ. ಮೊದಲು ನೋಂದಣಿ, ಬಳಿಕ ಪಾಸ್‌ವರ್ಡ್, ಆಮೇಲೆ ಅಪ್ಪನ ನಂಬರಿಗೆ ಬರುವ ಓಟಿಪಿ. ಇಷ್ಟೆಲ್ಲ ಮುಗಿಸಿ ಹುಡುಕಿದರೆ, ಅಂಥ ಪುಸ್ತಕ ಇಲ್ಲವೆಂಬ ಉತ್ತರ. ನಿಜವಾಗಿ ಪುಸ್ತಕ ಒಳಗೇ ಇರುತ್ತದೆ; ನೀವು ಹೆಸರನ್ನು ಬರೆದ ರೀತಿ ಮಾತ್ರ ಆ್ಯಪಿಗೆ ತಿಳಿದಿರುವುದಿಲ್ಲ. ಇದು ಮೊಬೈಲು ಬಂದ ಮೇಲೆ ಹುಟ್ಟಿದ ತೊಂದರೆ ಎಂದು ನೀವು ಭಾವಿಸಬಹುದು. ಹಾಗೇನೂ ಇಲ್ಲ. ಇದಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅದರ ಒಂದು ದೊಡ್ಡ ಅಧ್ಯಾಯ ನಡೆದದ್ದು ಮದರಾಸಿನಲ್ಲಿ, ಮುಂದಿನದು ಬೆಂಗಳೂರಿನಲ್ಲಿ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದ ಓದುಗನಿಗೆ ಕಪಾಟಿನ ಹತ್ತಿರ ಸುಳಿಯಲು ಅವಕಾಶವಿರಲಿಲ್ಲ. ಅವನ ಎದುರಿಗೆ ಒಂದು ಉದ್ದನೆಯ ಕಟ್ಟೆ, ಅದರ ಮೇಲೆ ಪುಟ್ಟ ಪುಟ್ಟ ಗೂಡುಗಳಿದ್ದ ಒಂದು ಹಲಗೆ. ಆಲ್ಫ್ರೆಡ್ ಕಾಟ್‌ಗ್ರೀವ್ ಎಂಬಾತ ರೂಪಿಸಿದ ಈ ಹಲಗೆಗೆ ‘ಇಂಡಿಕೇಟರ್’ ಎಂದು ಹೆಸರು. ಒಂದೊಂದು ಗೂಡಿಗೂ ಒಂದೊಂದು ಪುಸ್ತಕದ ಸಂಖ್ಯೆ. ನೀಲಿ ತುದಿ ಕಂಡರೆ ಪುಸ್ತಕ ಒಳಗಿದೆ, ಕೆಂಪು ಕಂಡರೆ ಹೊರಗೆ ಹೋಗಿದೆ ಎಂದರ್ಥ. ಓದುಗ ಮೊದಲು ಅಚ್ಚಾದ ಪಟ್ಟಿಯಲ್ಲಿ ಸಂಖ್ಯೆಯನ್ನು ಹುಡುಕಬೇಕು, ಬಳಿಕ ಹಲಗೆಯಲ್ಲಿ ಬಣ್ಣ ನೋಡಬೇಕು, ಆಮೇಲೆ ಸಹಾಯಕನನ್ನು ಕೇಳಬೇಕು. ನಿಮ್ಮ ಆ್ಯಪಿನ ಮುಖಪುಟಕ್ಕೆ ಈ ಹಲಗೆಯೇ ಮುತ್ತಜ್ಜ ಎನ್ನಬಹುದು. ಗ್ರಂಥಾಲಯದವರ ಲೆಕ್ಕ ಇಡಲು ಅದು ಬಹಳ ಅನುಕೂಲವಾಗಿತ್ತು. ಓದುಗನಿಗೆ?

1894ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್ ಎಂಬಲ್ಲಿ ಜೇಮ್ಸ್ ಡಫ್ ಬ್ರೌನ್ ಓದುಗರನ್ನು ನೇರವಾಗಿ ಕಪಾಟುಗಳ ನಡುವೆ ಬಿಟ್ಟ. ಹಿಂದಿನ ವರ್ಷ ಅಮೆರಿಕಕ್ಕೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ಅವನು ನೋಡಿ ಬಂದಿದ್ದ. ಪುಸ್ತಕಗಳು ಕಳುವಾಗುತ್ತವೆ, ಕಪಾಟು ಕಲಸಿಹೋಗುತ್ತದೆ ಎಂದು ವೃತ್ತಿಬಾಂಧವರೇ ಅವನ ಮೇಲೆ ಮುಗಿಬಿದ್ದರು. ಆದರೂ ಬಾಗಿಲು ಒಮ್ಮೆ ತೆರೆದದ್ದು ತೆರೆದೇ ಇತ್ತು.

ಈಗ ಮದರಾಸಿಗೆ ಬರೋಣ. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯ ತನ್ನ ಮೊದಲ ಗ್ರಂಥಪಾಲಕನನ್ನು ನೇಮಿಸಿತು. ಆತ ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಅಧ್ಯಾಪಕ, ಶಿಯಾಳಿ ರಾಮಾಮೃತ ರಂಗನಾಥನ್. ಸಂಬಳ ಹೆಚ್ಚೆಂಬುದೇನೋ ಸರಿ, ಆದರೆ ಕೆಲವೇ ದಿನಗಳಲ್ಲಿ ಆ ನಿರ್ಜನ ಕೊಠಡಿಯಲ್ಲಿ ಅವರಿಗೆ ಬೇಸರ ಬಂದು, ತರಗತಿಗೇ ಮರಳುತ್ತೇನೆಂದು ಹೊರಟರಂತೆ. ಅಷ್ಟರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರಂಥಾಲಯ ಶಾಸ್ತ್ರ ಕಲಿತು ಬರುವ ಏರ್ಪಾಡಾಯಿತು. ಅಲ್ಲಿ ಗುರು ಬರ್ವಿಕ್ ಸೇಯರ್ಸ್ ಅವರ ಸಲಹೆಯಂತೆ ಅನೇಕ ಗ್ರಂಥಾಲಯಗಳನ್ನು ಸುತ್ತಿ ನೋಡಿದರು. 1925ರಲ್ಲಿ ಹಿಂದಿರುಗಿದವರು ಬೇರೆಯೇ ಮನುಷ್ಯರಾಗಿದ್ದರು. ಕಪಾಟುಗಳನ್ನು ತೆರೆದರು, ವೇಳೆಯನ್ನು ಹೆಚ್ಚಿಸಿದರು, ಬಂದವರನ್ನು ಮಾತನಾಡಿಸಿ ಬೇಕಾದದ್ದನ್ನು ಹುಡುಕಿಕೊಡುವ ಸಿಬ್ಬಂದಿಯನ್ನು ಇಟ್ಟರು.

1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳ ಹೆಸರನ್ನು ನೀವು ಕೇಳಿರಬಹುದು. ನಮಗೆ ಇಲ್ಲಿ ಮುಖ್ಯವಾದದ್ದು ನಾಲ್ಕನೆಯದು. ಓದುಗನ ಸಮಯ ವ್ಯರ್ಥವಾಗಬಾರದು ಎಂಬುದು ಅದರ ತಿರುಳು. ಕೇಳಲು ಸಾಧಾರಣ ಮಾತು. ಗಣಿತಜ್ಞನ ಕಣ್ಣಿನಿಂದ ನೋಡಿ: ಒಬ್ಬ ವಿದ್ಯಾರ್ಥಿಗೆ ಹತ್ತು ನಿಮಿಷ ವ್ಯರ್ಥವಾದರೆ ಏನು ಮಹಾ ಎನ್ನಬಹುದು. ಸಾವಿರ ವಿದ್ಯಾರ್ಥಿಗಳಿಗಾದರೆ ಅದು ನೂರ ಅರವತ್ತಾರು ಗಂಟೆಗಳನ್ನು ಮೀರುತ್ತದೆ. ಪಟ್ಟಿಯನ್ನು ಸರಿಪಡಿಸಲು ಗ್ರಂಥಪಾಲಕನಿಗೆ ಹಿಡಿಯುವುದು ಒಂದೆರಡು ದಿನ ಇರಬಹುದು!

ಅದೇ 1931ರಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಪುಸ್ತಕ ತುಂಬಿದ ಎತ್ತಿನ ಗಾಡಿಯೊಂದು ಹಳ್ಳಿಗಳತ್ತ ಹೊರಟಿತು. ಆ ಕಾಲಕ್ಕೆ ‘ಮೊಬೈಲ್ ಲೈಬ್ರರಿ’ ಎಂದರೆ ಇದೇ. ಗಾಡಿ ಬಂದರೆ ಬಾಗಿಲಲ್ಲೇ ಪುಸ್ತಕ; ಪಟ್ಟಿ ನೋಡಲು ಬಾರದವನೂ ಕೈಯಿಟ್ಟು ಆರಿಸಿಕೊಳ್ಳಬಹುದು.

ರಂಗನಾಥನ್ ಅವರ ಎಲ್ಲ ಕೆಲಸವೂ ಬಳಕೆಗೆ ಸುಲಭವಾಗಿತ್ತೆಂದು ಹೇಳಲಾರೆ. ಲಂಡನ್ನಿನ ಅಂಗಡಿಯೊಂದರಲ್ಲಿ ‘ಮೆಕ್ಯಾನೊ’ ಆಟಿಕೆಯ ತುಂಡುಗಳನ್ನು ನೋಡಿ ಹೊಳೆದದ್ದೆಂದು ಹೇಳುವ ಅವರ ಕೋಲನ್ ವರ್ಗೀಕರಣ 1933ರಲ್ಲಿ ಪ್ರಕಟವಾಯಿತು. ವಿಷಯವನ್ನು ತುಂಡು ತುಂಡಾಗಿ ಬಿಡಿಸಿ ಚಿಹ್ನೆಗಳಿಂದ ಜೋಡಿಸುವ ಆ ಪದ್ಧತಿ ತರ್ಕದ ದೃಷ್ಟಿಯಿಂದ ಅದ್ಭುತ. ಆದರೆ ಪುಸ್ತಕದ ಬೆನ್ನಿನ ಮೇಲಿನ ಆ ಉದ್ದನೆಯ ಸಂಕೇತ ಸಾಮಾನ್ಯ ಓದುಗನಿಗೆ ಒಗಟು. ನಮ್ಮ ದೇಶದಲ್ಲೂ ಹೆಚ್ಚು ಗ್ರಂಥಾಲಯಗಳು ಒಪ್ಪಿಕೊಂಡದ್ದು 1876ರ ಡ್ಯೂಯಿ ದಶಮಾಂಶ ಪದ್ಧತಿಯನ್ನೇ. ಹೆಚ್ಚು ಸಮರ್ಥವಾದದ್ದು ಸೋತು ಹೆಚ್ಚು ಸರಳವಾದದ್ದು ಗೆದ್ದಿತು! ರಂಗನಾಥನ್ ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು. 1962ರಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಇಲ್ಲೇ ತೀರಿಕೊಂಡರು.

ಅಷ್ಟರಲ್ಲಿ ಗಣಕಯಂತ್ರ ಬಂದಿತ್ತು. ಅಮೆರಿಕದ ಕ್ಯಾಲ್ವಿನ್ ಮೂಯರ್ಸ್ 1959ರಲ್ಲೇ ಎಚ್ಚರಿಸಿದ್ದ: ಮಾಹಿತಿ ಇಲ್ಲದಿರುವುದಕ್ಕಿಂತ ಅದನ್ನು ಹೊಂದಿರುವುದೇ ಹೆಚ್ಚು ಕಷ್ಟವೆನಿಸಿದರೆ ಜನ ಆ ವ್ಯವಸ್ಥೆಯ ಕಡೆ ತಲೆಹಾಕುವುದಿಲ್ಲ. 1989ರಲ್ಲಿ ಫ್ರೆಡ್ ಡೇವಿಸ್ ಇದನ್ನು ಅಳೆದು ನೋಡಿದ. ಅವನ ಅಧ್ಯಯನದಲ್ಲಿ 152 ಬಳಕೆದಾರರು, ನಾಲ್ಕು ಗಣಕ ಕಾರ್ಯಕ್ರಮಗಳು. ಉಪಯುಕ್ತ ಎನ್ನಿಸುವುದು, ಸುಲಭ ಎನ್ನಿಸುವುದು, ಈ ಎರಡರಲ್ಲಿ ಬಳಕೆಯೊಡನೆ ಹೆಚ್ಚು ಬಿಗಿಯಾದ ಸಂಬಂಧ ಕಂಡದ್ದು ಉಪಯುಕ್ತತೆಗೆ. ಹಾಗಾದರೆ ಸುಲಭವಾಗಿರಬೇಕೆಂಬುದು ಬರಿಯ ಅಲಂಕಾರವೆ? ಅಲ್ಲ. ಸುಲಭವಾದದ್ದೇ ಉಪಯುಕ್ತವೆಂದೂ ಅನ್ನಿಸುತ್ತದೆ, ಆ ದಾರಿಯಿಂದಲೇ ಅದರ ಪ್ರಭಾವ ಬರುತ್ತಿರಬಹುದೆಂದು ಡೇವಿಸ್ ಸೂಚಿಸಿದ. ಬೇಕಾದ ಪುಸ್ತಕವೇ ಇಲ್ಲದ ಚೆಂದದ ಆ್ಯಪಿನಿಂದ ಏನೂ ಪ್ರಯೋಜನವಿಲ್ಲ. ಪುಸ್ತಕವಿದ್ದೂ ಬಿಚ್ಚಿಕೊಳ್ಳದ ಆ್ಯಪು ವಿದ್ಯಾರ್ಥಿಯ ಪಾಲಿಗೆ ಖಾಲಿ ಕಪಾಟೇ.

ಖರಗ್‌ಪುರದ ಐ.ಐ.ಟಿ. ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ 2018ರ ಜೂನ್ 19ರಂದು ಲೋಕಾರ್ಪಣೆಯಾಯಿತು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ತನ್ನ ಡಿಜಿಟಲ್ ಗ್ರಂಥಾಲಯವನ್ನು ತೆರೆಯಿತು. ಶಾಲೆಗಳು ಮುಚ್ಚಿದ್ದ ಆ ವರ್ಷ ಬಹಳ ಮಕ್ಕಳಿಗೆ ಫೋನೇ ಶಾಲೆಯಾಗಿತ್ತು. ಮನೆಗೆ ಒಂದೇ ಫೋನು, ಅದೂ ತಂದೆ ಕೆಲಸದಿಂದ ಬಂದ ಮೇಲೆ ಕೈಗೆ ಸಿಗುವ ಅರ್ಧ ಗಂಟೆ. ಅದರಲ್ಲಿ ಇಪ್ಪತ್ತು ನಿಮಿಷ ಹುಡುಕಾಟಕ್ಕೇ ಹೋದರೆ ಉಳಿಯುವುದೆಷ್ಟು? ತನ್ನದೇ ಫೋನಿರುವ ಹುಡುಗನಿಗೆ ಇದು ಕಿರಿಕಿರಿ. ಇವಳಿಗೆ ಅಂದಿನ ಪಾಠವೇ ಹೋಯಿತು.

ಕನ್ನಡಕ್ಕೆ ಇನ್ನೂ ಕೆಲವು ವಿಶೇಷ ತೊಡಕುಗಳಿವೆ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಸ್ಥಾನವಿತ್ತು. ಆದರೂ ಬಹುಕಾಲ ಒಂದೊಂದು ತಂತ್ರಾಂಶ ಒಂದೊಂದು ಸಂಕೇತದಲ್ಲಿ ಅಕ್ಷರಗಳನ್ನು ಕೂಡಿಡುತ್ತಿತ್ತು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಬೇರೇನೋ. ಇಂದಿಗೂ ಅರ್ಕಾವತ್ತಿನ ‘ಸೂರ್ಯ’ ಮತ್ತು ರಕಾರಕ್ಕೆ ಯಕಾರದ ಒತ್ತು ಕೊಟ್ಟ ‘ಸೂರ‍್ಯ’ ನಮಗೆ ಒಂದೇ ಪದ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿರುವುದರಿಂದ ಎಚ್ಚರವಿಲ್ಲದ ಹುಡುಕುಯಂತ್ರಕ್ಕೆ ಅವು ಎರಡು. ಛಾಯಾಪ್ರತಿಯಾಗಿ ಸೇರಿಸಿದ ಹಳೆಯ ಪುಸ್ತಕವಂತೂ ಬರಿಯ ಚಿತ್ರ. ಅದರೊಳಗಿನ ಒಂದು ಪದವನ್ನೂ ಹುಡುಕಲಾಗದು. ಡೆಮಿ ಅಳತೆಯ ಪುಟದ ಅಗಲ ಸುಮಾರು 14 ಸೆಂಟಿಮೀಟರ್, ಫೋನಿನದು ಸುಮಾರು 7. ಪುಟವನ್ನು ಅದರಲ್ಲಿ ಕೂರಿಸಿದರೆ ಅಕ್ಷರ ಅರ್ಧವಾಗುತ್ತದೆ, ಒತ್ತಕ್ಷರ ಮಸಿಯಾಗುತ್ತದೆ. ಟಿ.ವಿ. ಪರದೆಗೆ ಶೀರ್ಷಿಕೆ ಬರೆಸುವ ನಮಗೆ ಇದು ಹಳೆಯ ಪಾಠ: ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡದ ಒತ್ತಿಗೆ ಸಾಕಾಗದು.

ಹಳೆಯ ಗ್ರಂಥಾಲಯಗಳ ಮರದ ಸೆಳೆಖಾನೆಗಳಲ್ಲಿ ‘ನೋಡಿ’ ಎಂದು ಬರೆದ ಚೀಟಿಗಳಿರುತ್ತಿದ್ದವು. ‘ಶ್ರೀನಿವಾಸ’ ಎಂದು ಹುಡುಕಿದವನನ್ನು ಅದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಬಳಿಗೆ ಕಳುಹಿಸುತ್ತಿತ್ತು. ನಿಮ್ಮ ಆ್ಯಪಿನಲ್ಲಿ ಈ ಚೀಟಿ ಉಳಿದಿದೆಯೆ? ಈ ಸಂಜೆ ‘ಅಂಬಿಕಾತನಯದತ್ತ’ ಎಂದು ಬರೆದು ನೋಡಿ, ಬೇಂದ್ರೆಯವರ ಪುಸ್ತಕಗಳು ಬರುತ್ತವೆಯೆ? ‘ಪುಟ್ಟಪ್ಪ’ ಎಂದರೆ ಕುವೆಂಪು ಸಿಗುತ್ತಾರೆಯೆ? ಮೊದಲ ಪುಟ ತೆರೆಯುವವರೆಗೆ ಪರದೆಯನ್ನು ಎಷ್ಟು ಸಲ ಮುಟ್ಟಿದಿರಿ, ಎಷ್ಟು ನಿಮಿಷವಾಯಿತು ಎಂದು ಬರೆದುಕೊಳ್ಳಿ. ಆ ಚೀಟಿಯನ್ನು ನಿಮ್ಮ ಊರಿನ ಗ್ರಂಥಪಾಲಕರ ಕೈಗೆ ಕೊಡಿ.