ಕಡಲಾಚೆಯ ಶುಕ್ರವಾರ: ಕೊಲ್ಲಿ ನಾಡಿಗೆ ಹೋದ ನಮ್ಮವರು

ಇಗರ್ಜಿಯೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟವರು ಅಸ್ತಿವಾರದ ಕಲ್ಲು, ಗಂಟೆಗೋಪುರ, ಸೇವೆ ಸಲ್ಲಿಸಿದ ವಂದನೀಯ ಗುರುಗಳ ಹೆಸರು ಇವುಗಳನ್ನು ಮೊದಲು ದಾಖಲಿಸುತ್ತಾರೆ. ಅದು ಆಗಲೇಬೇಕಾದ ಕಾರ್ಯ. ಆದರೆ ನಮ್ಮ ಕರಾವಳಿಯ ಇಗರ್ಜಿಗಳ ಚರಿತ್ರೆಯಲ್ಲಿ ಪ್ರತಿ ಆದಿತ್ಯವಾರ ಬೆಂಚಿನಲ್ಲಿ ಕುಳಿತವರಿಗೆ ಎಷ್ಟು ಪಾಲಿದೆಯೋ, ಕುಳಿತುಕೊಳ್ಳಲಾಗದೆ ಕಡಲಾಚೆ ದುಡಿದವರಿಗೂ ಅಷ್ಟೇ ಪಾಲಿದೆ. ಅವರನ್ನು ಕುರಿತು ನಾಲ್ಕು ಮಾತು ಬರೆಯುವುದೇ ಈ ಲೇಖನದ ಉದ್ದೇಶ.

ವಲಸೆ ನಮಗೆ ಹೊಸದಲ್ಲ. ನಮ್ಮ ಪೂರ್ವಜರಲ್ಲಿ ಬಹುಪಾಲು ಜನ ಗೋವೆಯಿಂದ ಕೆನರಾಕ್ಕೆ ಬಂದವರು. 1784ರಲ್ಲಿ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟು, 1799ರ ಅನಂತರ ಅಳಿದುಳಿದವರಾಗಿ ಮರಳಿದವರು. ಮುಂದೆ ಮುಂಬಯಿ ನಮ್ಮ ಎರಡನೆಯ ಊರಾಯಿತು. ಆದರೆ ಗೋವೆಯಿಂದ ಬಂದವರು ಇಲ್ಲಿ ಬೇರೂರಿದರು. ಮುಂಬಯಿಗೆ ಹೋದವರೂ ಮನಸ್ಸು ಮಾಡಿದರೆ ಅಲ್ಲಿ ಬೇರೂರಬಹುದಿತ್ತು. ಪರ್ಷಿಯನ್ ಕೊಲ್ಲಿಗೆ ಹೋದವರ ಪಾಡು ಬೇರೆ. ಎಷ್ಟು ವರ್ಷ ದುಡಿದರೂ ಆ ನೆಲ ತಮ್ಮದಾಗದು ಎಂಬುದನ್ನು ಅರಿತೇ ಅವರು ಅಲ್ಲಿ ಬದುಕನ್ನು ರೂಢಿಸಿಕೊಳ್ಳಬೇಕಾಯಿತು.

ಬಹರೈನಿನಲ್ಲಿ 1932ರಲ್ಲಿ, ಕುವೈಟಿನಲ್ಲಿ 1938ರಲ್ಲಿ ತೈಲ ದೊರೆಯಿತು. ತೈಲ ಕಂಪೆನಿಗಳಿಗೆ ಇಂಗ್ಲಿಷ್ ಬಲ್ಲ ಗುಮಾಸ್ತರು, ಟೈಪಿಸ್ಟರು, ಫಿಟ್ಟರುಗಳು ಬೇಕಾದರು. ಮುಂಬಯಿಯಿಂದ ಬ್ರಿಟಿಷ್ ಇಂಡಿಯಾ ಕಂಪೆನಿಯ ಹಡಗುಗಳು ಹೊರಡುತ್ತಿದ್ದವು. ಅವುಗಳಲ್ಲಿ ‘ದ್ವಾರಕಾ’ 1982ರವರೆಗೂ ಓಡಿತು. ಇಂದಿನ ತರುಣರಿಗೆ ಆಶ್ಚರ್ಯವೆನಿಸಬಹುದಾದ ಸಂಗತಿಯೆಂದರೆ, ಆ ಕಾಲದಲ್ಲಿ ಕೊಲ್ಲಿ ನಾಡಿನಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕು ಅಲ್ಲಿಗೆಂದೇ ಪ್ರತ್ಯೇಕ ನೋಟುಗಳನ್ನು ಹೊರಡಿಸಿತು. ಕುವೈಟು 1961ರಲ್ಲಿ, ಬಹರೈನು 1965ರಲ್ಲಿ ತಮ್ಮ ದಿನಾರನ್ನು ತಂದವು. 1973ರಲ್ಲಿ ತೈಲದ ಬೆಲೆ ಏರತೊಡಗಿ ಕೆಲವೇ ತಿಂಗಳುಗಳಲ್ಲಿ ನಾಲ್ಮಡಿಯಾದ ಮೇಲೆ, ಅದುವರೆಗೆ ಬೆರಳೆಣಿಕೆಯ ಮನೆಗಳಿಂದ ಹೋಗುತ್ತಿದ್ದ ನಮ್ಮವರು ವಾಳೆ ವಾಳೆಗಳಿಂದ ಹೊರಟರು.

ಅಲ್ಲಿಯ ಕಾಯಿದೆಯಂತೆ ಪರದೇಶಿಯ ವಾಸದ ಪರವಾನಗಿ ಅವನಿಗೆ ಕೆಲಸ ಕೊಟ್ಟ ಕಫೀಲನಿಗೆ ಅಂಟಿಕೊಂಡಿರುತ್ತಿತ್ತು. ಕೆಲಸ ಹೋದರೆ ವಾಸವೂ ಹೋಯಿತು. ಪಾಸ್‌ಪೋರ್ಟು ಬಹುತೇಕ ಧಣಿಯ ಪೆಟ್ಟಿಗೆಯಲ್ಲಿ. ನಿಗದಿಯಾದ ಸಂಬಳವಿಲ್ಲದವನು ಹೆಂಡತಿ ಮಕ್ಕಳನ್ನು ಕರೆಸುವಂತಿಲ್ಲ. ಹೀಗಾಗಿ ಮೂರು ಮಕ್ಕಳ ತಂದೆಯೂ ಅಲ್ಲಿ ‘ಬ್ಯಾಚುಲರ್’ ಎಂದೇ ಕರೆಯಲ್ಪಟ್ಟು, ಒಂದೇ ಕೋಣೆಯಲ್ಲಿ ಆರೆಂಟು ಮಂದಿಯೊಡನೆ ಮಲಗಿದನು. ಮನೆಗೆಲಸಕ್ಕೆ ಹೋದ ನಮ್ಮ ಸಹೋದರಿಯರ ಕಷ್ಟ ಇನ್ನೂ ಕಠಿಣ. ಅವರಲ್ಲಿ ಅನೇಕರಿಗೆ ವಾರದ ರಜೆಯೂ ಇರಲಿಲ್ಲ. ಊರಿಗೆ ಬಂದಾಗ ಜನ ಕಂಡದ್ದು ಸೂಟ್‌ಕೇಸು, ಸೆಂಟು, ಟೇಪ್‌ರೆಕಾರ್ಡರುಗಳನ್ನು. ‘ಗಲ್ಫಿನವನ ಮನೆ’ ಎಂದು ಬೆರಳು ತೋರಿ ಆಡಿಕೊಂಡವರಿಗೆ ಆ ಕೋಣೆ ಕಾಣಲಿಲ್ಲ.

ಹೊಂದಾಣಿಕೆಗಳಲ್ಲೆಲ್ಲ ವಿಚಿತ್ರವಾದದ್ದು ವಾರದ ಲೆಕ್ಕ. ಅಲ್ಲಿ ರಜೆ ಶುಕ್ರವಾರ. ಆದಿತ್ಯವಾರ ದುಡಿಮೆಯ ದಿನ. ಆದಕಾರಣ ಆದಿತ್ಯವಾರದ ದಿವ್ಯ ಬಲಿಪೂಜೆಯನ್ನು ಶುಕ್ರವಾರವೇ ಅರ್ಪಿಸುವ ಪದ್ಧತಿ ಬೆಳೆಯಿತು. ಬಹರೈನಿನ ಮನಾಮಾದಲ್ಲಿ ಅಮೀರರು ಕೊಟ್ಟ ನೆಲದಲ್ಲಿ 1939ರಲ್ಲೇ ಪವಿತ್ರ ಹೃದಯದ ಇಗರ್ಜಿ ಎದ್ದಿತ್ತು. ಅಬುಧಾಬಿಯಲ್ಲಿ 1965ರಲ್ಲಿ, ದುಬೈಯಲ್ಲಿ 1967ರಲ್ಲಿ ಇಗರ್ಜಿಗಳಾದವು. ಶುಕ್ರವಾರ ಇವುಗಳ ಅಂಗಳದಲ್ಲಿ ಒಂದು ಭಾಷೆಯ ಪೂಜೆ ಮುಗಿದೊಡನೆ ಇನ್ನೊಂದು ಭಾಷೆಯದು. ಕೊಂಕಣಿಗೂ ಅದರಲ್ಲಿ ಸರದಿಯುಂಟು. ಸೌದಿ ಅರೇಬಿಯಾದಲ್ಲಿ ಮಾತ್ರ ಇಗರ್ಜಿಯೇ ಇಲ್ಲ. ಅಲ್ಲಿದ್ದವರ ಜಪಸರ ಮುಚ್ಚಿದ ಬಾಗಿಲಿನ ಹಿಂದೆ ತಗ್ಗಿದ ದನಿಯಲ್ಲಿ ನಡೆಯಿತು. ಸೆಪ್ಟೆಂಬರ್ 8ರ ತೆನೆಹಬ್ಬ ಬಂದಾಗ ತಾಯಂದಿರು ಆಶೀರ್ವದಿಸಿದ ಭತ್ತದ ನಾಲ್ಕು ಕಾಳುಗಳನ್ನು ಕಾಗದದಲ್ಲಿ ಮಡಚಿ ಅಂಚೆಗೆ ಹಾಕುತ್ತಿದ್ದರು. ಹಬ್ಬ ಮುಗಿದು ವಾರವೆರಡಾದ ಮೇಲೆ ಕೈಸೇರಿದ ಆ ಕಾಳನ್ನು ಹಾಲಿಗೆ ಹಾಕಿ ಕುಡಿದವರು ನಮ್ಮ ನಡುವೆ ಇನ್ನೂ ಇದ್ದಾರೆ.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈಟಿಗೆ ನುಗ್ಗಿತು. ಒಂದೇ ರಾತ್ರಿಯಲ್ಲಿ ದಿನಾರು ಕಾಗದವಾಯಿತು. ನಮ್ಮವರು ಬ್ಯಾಂಕಿನಲ್ಲಿಟ್ಟ ಹಣವನ್ನೂ ಕೊಂಡ ಸಾಮಾನನ್ನೂ ಬಿಟ್ಟು, ಬಸ್ಸುಗಳಲ್ಲಿ ಇರಾಕಿನ ಮರುಭೂಮಿಯನ್ನು ದಾಟಿ ಜೋರ್ಡಾನಿನ ಗಡಿಯ ಡೇರೆಗಳನ್ನು ಸೇರಿದರು. ಅಮ್ಮಾನಿನಿಂದ ಏರ್ ಇಂಡಿಯಾ 59 ದಿನಗಳಲ್ಲಿ 488 ಹಾರಾಟಗಳನ್ನು ನಡೆಸಿತು. ಹೀಗೆ ಮರಳಿದ ಭಾರತೀಯರು ಸುಮಾರು 1 ಲಕ್ಷ 70 ಸಾವಿರ. ಇಲ್ಲಿ ಸುದ್ದಿಯಿಲ್ಲದೆ ಕಾದ ಮನೆಗಳಲ್ಲಿ ರೇಡಿಯೋ ಆರಲಿಲ್ಲ. ವರ್ಷಗಳ ಅನಂತರ ವಿಶ್ವಸಂಸ್ಥೆಯ ಪರಿಹಾರ ಆಯೋಗವು ಊರು ಬಿಟ್ಟು ಓಡಿದ ಒಬ್ಬೊಬ್ಬರಿಗೆ 2,500ರಿಂದ 4,000 ಡಾಲರುಗಳನ್ನು ಕೊಟ್ಟಿತು. ಅಷ್ಟರಲ್ಲಿ ಅನೇಕರು ಅದೇ ಕುವೈಟಿಗೆ ಹಿಂತಿರುಗಿ ಹೋಗಿದ್ದರು. ಅದನ್ನು ದುರಾಸೆಯೆಂದವರುಂಟು, ಅರ್ಧ ಎದ್ದ ಮನೆ, ತಂಗಿಯ ಮದುವೆಯ ಸಾಲ ಇವುಗಳ ಲೆಕ್ಕ ತಿಳಿದವರು ಹಾಗೆನ್ನಲಾರರು.

ಮಂಗಳೂರಿನಿಂದ ದುಬೈಗೆ ನೇರ ವಿಮಾನ 2006ರಲ್ಲಿ ಆರಂಭವಾಯಿತು. ದಾರಿ ಹತ್ತಿರವಾಯಿತೆಂದು ಹಿಗ್ಗಿದ ನಾಲ್ಕೇ ವರ್ಷಗಳಲ್ಲಿ, 2010ರ ಮೇ 22ರ ಮುಂಜಾನೆ, ದುಬೈಯಿಂದ ಬಂದ ವಿಮಾನ ಬಜಪೆಯ ಕಣಿವೆಗೆ ಬಿದ್ದು 158 ಮಂದಿ ಸತ್ತರು. ಸರ್ವ ಮತದವರೂ ಅವರಲ್ಲಿದ್ದರು.

ಈಗ ಹಿರಿಯ ತಲೆಮಾರು ಮರಳಿದೆ. ಕೆಲಸದ ಅವಧಿ ಮುಗಿದೊಡನೆ ಪರವಾನಗಿಯೂ ಮುಗಿಯಿತು. ಮೂವತ್ತು ವರ್ಷ ಶುಕ್ರವಾರಕ್ಕೆ ಒಗ್ಗಿದವರಿಗೆ ಆದಿತ್ಯವಾರಕ್ಕೆ ಮತ್ತೆ ಒಗ್ಗಲು ಸಮಯ ಹಿಡಿಯಿತು. ತಂದೆಯನ್ನು ಎರಡು ವರ್ಷಕ್ಕೊಮ್ಮೆ ಬರುವ ನೆಂಟನಂತೆ ಕಂಡ ಮಕ್ಕಳು ಬೆಳೆದು, ಕೆಲವರು ಕೆನಡಾ, ಆಸ್ಟ್ರೇಲಿಯಾಗಳಿಗೆ ಹೊರಟುಹೋದರು. ಅತ್ತ ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2022ರಿಂದ ಆದಿತ್ಯವಾರವೂ ರಜೆಯಾಗಿದೆ. ಕೊಲ್ಲಿಯಲ್ಲಿ ಹುಟ್ಟಿದ ಮಕ್ಕಳು ಮದುವೆಗೆಂದು ಊರಿನ ಗುರುಮಂದಿರಕ್ಕೆ ಬಂದಾಗ, ಅವರ ಜ್ಞಾನಸ್ನಾನದ ಪತ್ರವನ್ನು ನಮ್ಮ ಪುಸ್ತಕಗಳಲ್ಲಿ ಹುಡುಕಿ ಫಲವಿಲ್ಲ. ಅದನ್ನು ಮನಾಮಾದಿಂದಲೋ ಕುವೈಟಿನಿಂದಲೋ ತರಿಸಬೇಕು.