ಸೆಪ್ಟೆಂಬರ್ 17: ಒಂದು ದಿನ, ಹಲವು ಹೆಸರು

ಆಗಸ್ಟ್ 15ರಂದು ನಾಡಿನೆಲ್ಲೆಡೆ ರಾಷ್ಟ್ರಧ್ವಜ ಏರುತ್ತದೆ. ಚಿತ್ತಾಪುರ, ಸೇಡಂ, ಚಿಂಚೋಳಿಗಳಲ್ಲಿ ಒಂದು ತಿಂಗಳ ಮೇಲೆ ಎರಡು ದಿನ ಕಳೆದು, ಸೆಪ್ಟೆಂಬರ್ 17ರಂದು, ಅದು ಸರ್ಕಾರಿ ಸಮಾರಂಭದಲ್ಲಿ ಇನ್ನೊಮ್ಮೆ ಏರುತ್ತದೆ. ಮೈಸೂರು, ಧಾರವಾಡಗಳ ಕಡೆಯವರಿಗೆ ಅದು ಎಂದಿನಂಥ ಒಂದು ದಿನ. ಆ ಕಡೆಯಿಂದ ಹೊಸದಾಗಿ ಬಂದವರು, ಇಲ್ಲೇನು ಎರಡು ಸ್ವಾತಂತ್ರ್ಯ ದಿನವೇ ಎಂದು ಕೇಳಿದರೆ ಆಶ್ಚರ್ಯವಿಲ್ಲ.

1947ರಲ್ಲಿ ಚಿತ್ತಾಪುರವು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನದ 16 ಜಿಲ್ಲೆಗಳಲ್ಲಿ ಎಂಟು ತೆಲುಗು, ಐದು ಮರಾಠಿ. ಗುಲ್ಬರ್ಗಾ, ರಾಯಚೂರು, ಬೀದರ್ ಎಂಬ ಮೂರು ಕನ್ನಡ ಜಿಲ್ಲೆಗಳು. ನಿಜಾಮರು ಭಾರತದ ಒಕ್ಕೂಟವನ್ನು ಸೇರಲಿಲ್ಲ. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವೊಂದಕ್ಕೆ ಸಹಿ ಹಾಕಿದರು. ಸ್ವಾಮಿ ರಮಾನಂದ ತೀರ್ಥರ ನಾಯಕತ್ವದಲ್ಲಿ ಸ್ಟೇಟ್ ಕಾಂಗ್ರೆಸ್ ಚಳವಳಿ ಹೂಡಿತು. ಗಡಿಯಾಚೆ ಮುಂಡರಗಿಯಂಥ ಊರುಗಳಲ್ಲಿ ಹೋರಾಟಗಾರರ ಶಿಬಿರಗಳು ತಲೆಯೆತ್ತಿದವು. ಒಳಗೆ ಕಾಸಿಂ ರಜ್ವಿಯ ರಜಾಕಾರರ ಹಾವಳಿ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿತು. 17ರಂದು ನಿಜಾಮರು ಸೋಲೊಪ್ಪಿದರು. ಮರುದಿನ ಅವರ ಸೇನಾಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ ಶರಣಾದರು. ಸೇನೆಯೇ ಮಾಡಿದ ಈ ಕೆಲಸಕ್ಕೆ 'ಪೊಲೀಸ್ ಕಾರ್ಯಾಚರಣೆ' ಎಂಬ ಹೆಸರು ಬಿತ್ತು. ಹೆಸರುಗಳ ಕತೆ ಅಲ್ಲಿಂದಲೇ ಶುರುವಾಗುತ್ತದೆ.

ಚಿತ್ತಾಪುರದಲ್ಲಿ ಸಿಕಂದರಾಬಾದ್ ಕಡೆಯ ರೈಲು ಹತ್ತಿರಿ. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಹಾಕಿದ ಹಾದಿಯಿದು. ಮಳಖೇಡ, ಸೇಡಂ ದಾಟಿದರೆ ತಾಂಡೂರು. 1956ರ ನವೆಂಬರ್ 1ರವರೆಗೆ ತಾಂಡೂರು, ಕೊಡಂಗಲ್ ತಾಲೂಕುಗಳೂ ಗುಲ್ಬರ್ಗಾ ಜಿಲ್ಲೆಯವೇ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಆಂಧ್ರದ ಪಾಲಾದವು. ಒಂದೇ ಜಿಲ್ಲೆ, ಒಂದೇ ಹಾವಳಿ, ಒಂದೇ ಬಿಡುಗಡೆ. ಆದರೂ ಸೇಡಂನಲ್ಲಿ 'ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ' ನಡೆಯುತ್ತಿದ್ದ ಕಾಲದಲ್ಲಿ ತಾಂಡೂರಿನಲ್ಲಿ ಸರ್ಕಾರಿ ಆಚರಣೆಯೇ ಇರಲಿಲ್ಲ. 2022ರಲ್ಲಿ ತೆಲಂಗಾಣ ಸರ್ಕಾರ ಇದನ್ನು ರಾಷ್ಟ್ರೀಯ ಏಕತೆಯ ದಿನವೆಂದು ಆಚರಿಸಿತು. ಅದೇ ದಿನ ಕೇಂದ್ರ ಸರ್ಕಾರ ಸಿಕಂದರಾಬಾದಿನಲ್ಲಿ 'ಹೈದರಾಬಾದ್ ವಿಮೋಚನಾ ದಿನ' ನಡೆಸಿತು. 2024ರಲ್ಲಿ ರಾಜ್ಯದಲ್ಲಿ ಸರ್ಕಾರ ಬದಲಾಗಿತ್ತು, ದಿನದ ಹೆಸರೂ 'ಪ್ರಜಾ ಪಾಲನಾ ದಿನ' ಎಂದಾಯಿತು. ಮರಾಠವಾಡದವರು 'ಮುಕ್ತಿ ಸಂಗ್ರಾಮ ದಿನ' ಎನ್ನುತ್ತಾರೆ.

ನಮ್ಮಲ್ಲಿಯೂ 2019ರಲ್ಲಿ ಪ್ರದೇಶದ ಹೆಸರು 'ಕಲ್ಯಾಣ ಕರ್ನಾಟಕ'ವಾಗಿ, ದಿನವು 'ಕಲ್ಯಾಣ ಕರ್ನಾಟಕ ಉತ್ಸವ'ವಾಯಿತು. ಚಾಲುಕ್ಯರ ರಾಜಧಾನಿಯಾಗಿ, ಬಸವಣ್ಣನವರ ಕಾರ್ಯಕ್ಷೇತ್ರವಾಗಿ ಕಲ್ಯಾಣ ನಮಗೆ ಪ್ರಿಯವಾದ ಹೆಸರೇ ಸರಿ. ಆದರೆ 'ವಿಮೋಚನೆ' ಎಂದಾಗ, ಯಾರಿಂದ, ಯಾರು ಹೋರಾಡಿ ಎಂದು ಒಬ್ಬ ಬಾಲಕನಾದರೂ ಕೇಳಿಯಾನು. 'ಉತ್ಸವ' ಎಂದರೆ ಆ ಪ್ರಶ್ನೆ ಏಳುವುದಿಲ್ಲ. ಸಂವಿಧಾನದ 371(ಜೆ) ವಿಧಿಯಲ್ಲಿ ಮಾತ್ರ ಹೈದರಾಬಾದ್-ಕರ್ನಾಟಕ ಎಂಬ ಹಳೆಯ ಹೆಸರೇ ಇದೆ. ಇನ್ನೊಂದು ಮಾತು: 1948ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯೂ ಆ ವಿಧಿಯ ವ್ಯಾಪ್ತಿಗೆ ಬರುತ್ತದೆ.

ಹೆಸರಿನಂತೆ ಸ್ಮಾರಕವೂ ಒಂದು ಆಯ್ಕೆ. ಕಲಬುರಗಿಯಲ್ಲಿ ಈ ದಿನ ಸರ್ದಾರ್ ಪಟೇಲರ ಪ್ರತಿಮೆಗೆ ಮಾಲಾರ್ಪಣೆ ನಡೆಯುತ್ತದೆ. 1948ರ ಮೇ ತಿಂಗಳಲ್ಲಿ ರಜಾಕಾರರ ಕ್ರೌರ್ಯಕ್ಕೆ ಬಹುಮಂದಿ ಬಲಿಯಾದ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 2023ರ ಮಾರ್ಚ್‌ನಲ್ಲಿ ಹುತಾತ್ಮರ ಸ್ಮಾರಕ ಉದ್ಘಾಟನೆಯಾಯಿತು. ಇದು ಆಗಬೇಕಾದದ್ದೇ, ತಡವಾಯಿತೆಂದೂ ಹೇಳಬಹುದು.

ಆದರೆ 17ರ ನಂತರವೂ ಸಾವುಗಳು ನಿಲ್ಲಲಿಲ್ಲ. ರಜಾಕಾರರ ಮೇಲಿನ ಸೇಡು, ಅವರೊಡನೆ ಯಾವ ಸಂಬಂಧವೂ ಇಲ್ಲದ ಮುಸಲ್ಮಾನರ ಮನೆಗಳ ಮೇಲೆ ತೀರಿತು. ಇದನ್ನು ವಿಚಾರಿಸಲು ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ನೇತೃತ್ವದ ತಂಡ 1948ರ ಕೊನೆಯಲ್ಲಿ ಸಂಸ್ಥಾನದಲ್ಲಿ ಸಂಚರಿಸಿತು. ಕಾರ್ಯಾಚರಣೆಯ ವೇಳೆಯಲ್ಲೂ ಅನಂತರವೂ ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ಅದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ನಾಂದೇಡ್, ಬೀದರ್, ಗುಲ್ಬರ್ಗಾ. ನೆರೆಯ ಮುಸಲ್ಮಾನರನ್ನು ಹಿಂದೂಗಳು ಕಾಪಾಡಿದ ಪ್ರಸಂಗಗಳನ್ನೂ ತಂಡ ದಾಖಲಿಸಿದೆ. ಸರ್ಕಾರ ಆ ವರದಿಯನ್ನು ಆಗ ಪ್ರಕಟಿಸಲಿಲ್ಲ. ದಶಕಗಳ ಕಾಲ ಅದು ಜನಸಾಮಾನ್ಯರ ಕೈಗೆ ಸಿಗಲಿಲ್ಲ. ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಅದರ ಪ್ರಸ್ತಾಪ ಬರುವುದು ಅಪರೂಪ. ಕಾಪಾಡಿದವರನ್ನಾದರೂ ನೆನೆಯಬಹುದಿತ್ತು ಎಂದು ನನಗೆ ಅನ್ನಿಸುತ್ತದೆ.

ರಾಜ್ಯವೊಂದು ತನ್ನ ಚರಿತ್ರೆಯನ್ನು ಹೀಗೆ ಆಯ್ದು ಹೇಳುವುದು ಈ ಕಾಲದ್ದಷ್ಟೇ ಅಲ್ಲ. ಅದಕ್ಕೆ ಸಾಕ್ಷಿ ಚಿತ್ತಾಪುರ ತಾಲೂಕಿನಲ್ಲೇ, ಭೀಮಾ ದಂಡೆಯ ಸನ್ನತಿಯಲ್ಲಿದೆ. ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ತನ್ನ ಮತವನ್ನು ಹೊಗಳಲು ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಹಾನಿ ಮಾಡುತ್ತಾನೆ ಎನ್ನುವ 12ನೆಯ ಶಾಸನ ಅಲ್ಲಿದೆ, 14ನೆಯದೂ ಇದೆ. ಕಳಿಂಗದಲ್ಲಿ ಒಂದು ಲಕ್ಷ ಜನ ಹತರಾದರೆಂದು ಅರಸನೇ ಪಶ್ಚಾತ್ತಾಪಪಡುವ 13ನೆಯ ಶಾಸನ ಆ ಕಲ್ಲಿನಲ್ಲಿಲ್ಲ. ಕಳಿಂಗ ನಾಡಿನ ಧೌಲಿ, ಜೌಗಡಗಳಲ್ಲೂ ಅದನ್ನು ಕೆತ್ತಿಸಲಿಲ್ಲ. ನೊಂದವರ ಕಣ್ಣೆದುರಿಗೆ ಆ ಲೆಕ್ಕ ಬೇಡವೆಂದು ಬಿಟ್ಟಿರಬಹುದು ಎಂದು ವಿದ್ವಾಂಸರು ಊಹಿಸುತ್ತಾರೆ.

ಸನ್ನತಿಯ ಕಲ್ಲಿನ ನಡುವೆ ವಿಗ್ರಹ ನಿಲ್ಲಿಸಲು ಕೊರೆದ ರಂಧ್ರವಿದೆ. ಅಲ್ಲಿದ್ದ ಅಕ್ಷರಗಳು ಹೋಗಿವೆ. ಬೇರೆ ಊರುಗಳ ಪ್ರತಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಹೋದ ಮಾತುಗಳನ್ನು ತುಂಬಿ ಅದನ್ನು ಓದುತ್ತಾರೆ.