ಅತ್ತೆ ಕಂಡ ದೀಪದ ಸಾಲು

2021ರ ಡಿಸೆಂಬರಿನ ಒಂದು ಸಂಜೆ ಗುಂಡ್ಲುಪೇಟೆಯಿಂದ ನನ್ನ ಸೋದರತ್ತೆಯ ಮಗ ಫೋನ್ ಮಾಡಿದ. "ಅತ್ತಿಗೆ, ಅಮ್ಮನಿಗೆ ಅರಳುಮರಳು ಶುರುವಾಗಿದೆ. ಆಕಾಶದಲ್ಲಿ ದೀಪ ಹಚ್ಚಿದ ರೈಲು ಹೋಯಿತಂತೆ. ಬೀದಿಯವರೆಲ್ಲ ಕೇಳಿಕೊಂಡು ನಗ್ತಿದ್ದಾರೆ." ಮರುವಾರವೇ ಮನೆಗೆ ಬೀಗ ಹಾಕಿ ಅವರನ್ನು ಮೈಸೂರಿಗೆ ಕರೆದೊಯ್ಯುವುದೆಂದು ಅವನೂ ಅವನ ಹೆಂಡತಿಯೂ ತೀರ್ಮಾನಿಸಿದ್ದರು. ಸದ್ಯಕ್ಕೆ ತಾರಸಿಯ ಬಾಗಿಲಿಗೆ ಬೀಗ ಬಿದ್ದಿತ್ತು.

ಅತ್ತೆಗೆ ಆಗ ಎಪ್ಪತ್ತೆಂಟು. ಎರಡೂ ಕಣ್ಣಿನ ಪೊರೆ ತೆಗೆಸಿ ವರ್ಷವಾಗಿತ್ತು. ಸುಮ್ಮನೆ ಹೆದರುವ ಜೀವವಲ್ಲ ಅದು. ನನಗೆ 1979ರ ಜುಲೈ ಚೆನ್ನಾಗಿ ನೆನಪಿದೆ. ನಾನಿನ್ನೂ ಚಾಮರಾಜನಗರದಲ್ಲಿ ಆರನೆಯ ತರಗತಿಯಲ್ಲಿದ್ದೆ. ಅಮೆರಿಕದವರು 1973ರಲ್ಲಿ ಮೇಲೆ ಹಾರಿಸಿದ್ದ ಸ್ಕೈಲ್ಯಾಬ್ ಎಂಬ ಪ್ರಯೋಗಾಲಯ ಕೆಳಗೆ ಬೀಳುತ್ತಿದೆ, 77 ಟನ್ ತೂಕವಂತೆ, ಎಲ್ಲಿ ಬೀಳುತ್ತದೋ ಬಿಟ್ಟವರಿಗೇ ಗೊತ್ತಿಲ್ಲವಂತೆ ಎಂದು ಊರೆಲ್ಲ ಗುಲ್ಲು. ನಮ್ಮ ಬೀದಿಯಲ್ಲಿ ಒಬ್ಬರು ಸಾಕಿದ ಕೋಳಿಗಳನ್ನೆಲ್ಲ ಕೊಯ್ದು ಉಂಡರು, ಸಾಯುವುದಾದರೆ ತಿಂದಾದರೂ ಸಾಯೋಣವೆಂದು. ಅಮ್ಮ ಒಲೆ ಹಚ್ಚದೆ ದೇವರ ಮುಂದೆ ಕೂತಿದ್ದಳು. ಊರಿಗೆ ಬಂದಿದ್ದ ಅತ್ತೆ, "ಅದು ಬೀಳೋವಾಗ ಬೀಳ್ಲಿ, ಮಕ್ಕಳು ಹಸಿದವೆ" ಎಂದು ತಾವೇ ಮುದ್ದೆಗೆ ಎಸರಿಟ್ಟರು. ಜುಲೈ 11ರ ರಾತ್ರಿ, ನಮ್ಮ ಗಡಿಯಾರದಲ್ಲಿ ಹತ್ತು ಹೊಡೆದ ಸ್ವಲ್ಪ ಹೊತ್ತಿಗೆ, ಸ್ಕೈಲ್ಯಾಬ್ ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಕ್ಕೂ ಚೂರುಚೂರಾಗಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಅಲ್ಲಿನ ಎಸ್ಪರೆನ್ಸ್ ಎಂಬ ಊರಿನ ಆಡಳಿತದವರು, ನಮ್ಮೂರಲ್ಲಿ ಕಸ ಚೆಲ್ಲಿದ್ದೀರಿ ಎಂದು ನಾಸಾಗೆ 400 ಡಾಲರ್ ದಂಡದ ಚೀಟಿ ಕೊಟ್ಟರಂತೆ!

ಅಂಥ ಅತ್ತೆ ಇಲ್ಲದ್ದನ್ನು ಕಂಡರೆಂದರೆ ನನಗೆ ನಂಬಿಕೆಯಾಗಲಿಲ್ಲ. ಆದರೆ ಕಂಡದ್ದು ಏನೋ ಒಂದಿರಬೇಕಲ್ಲ. ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಹಿಡಿದೆ.

ಬಸ್ಸಿನಲ್ಲೇ ಉತ್ತರ ಸಿಕ್ಕಿತೆಂದುಕೊಂಡೆ. ಆ ತಿಂಗಳು ಸಂಜೆ ಪಡುವಣದಲ್ಲಿ ಶುಕ್ರ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಅದರ ಮೇಲೆ ಶನಿ, ಇನ್ನೂ ಮೇಲೆ ಗುರು, ಮೂರೂ ಓರೆಯಾಗಿ ಒಂದೇ ಸಾಲಿನಲ್ಲಿದ್ದವು. ಆಕಾಶದಲ್ಲಿ ವಿಚಿತ್ರ ಬೆಳಕು ಕಂಡೆವೆಂದು ಹೇಳುವವರಲ್ಲಿ ಬಹಳ ಮಂದಿ ಕಂಡದ್ದು ಶುಕ್ರವನ್ನೇ ಎಂದು ಓದಿದ್ದೆ. ಮನೆ ಮುಟ್ಟಿದವಳು ಕಾಫಿ ಲೋಟ ಕೆಳಗಿಡುವ ಮೊದಲೇ ನನ್ನ ಪಾಂಡಿತ್ಯವನ್ನು ಒಪ್ಪಿಸಿದೆ.

ಅತ್ತೆ ನನ್ನನ್ನೇ ನೋಡಿದರು. "ಬೆಳ್ಳಿ ಯಾವ್ದು ಅಂತ ನಂಗೊತ್ತಿಲ್ವಾ ಕೂಸೇ? ಬೆಳ್ಳಿ ಮೂಡೋದ ನೋಡ್ಕಂಡೇ ಐವತ್ತು ವರ್ಷ ಹಾಲು ಕರೆದಿವ್ನಿ. ಬೆಳ್ಳಿ ನಿಂತ ಕಡೆ ನಿಂತಿತ್ತು. ಇದು ಅದ್ರ ಪಕ್ಕದಲ್ಲೇ ಸಾಲಾಗಿ ಹೋಯ್ತು."

ನಾಚಿಕೆಯಾಯಿತು. ಮಗ ನಂಬಲಿಲ್ಲ ಸರಿ, ನಂಬಲೆಂದು ಬಂದ ನಾನೂ ಅವರನ್ನು ಕೇಳದೆಯೇ ತೀರ್ಪು ಕೊಟ್ಟಿದ್ದೆ. ಬೀಗ ತೆಗೆಸಿ ಅವರೊಡನೆ ತಾರಸಿಗೆ ಹೋದೆ. ಒಣಗಿದ ಬಟ್ಟೆ ತೆಗೆಯಲು ಹೋದಾಗ ಕಂಡದ್ದಂತೆ. ಏಳು ಗಂಟೆಯ ಧಾರಾವಾಹಿ ಇನ್ನೂ ಶುರುವಾಗಿರಲಿಲ್ಲ. ಪಕ್ಕದ ಮನೆಯ ತೆಂಗಿನ ತಲೆಯಿಂದ ಹೊರಟು ನೀರಿನ ಟ್ಯಾಂಕಿನ ಕಡೆಗೆ ಹೋಯಿತು. ಎಷ್ಟು ಹೊತ್ತು? ಒಂದು ಸೀರೆ ಮಡಿಚುವಷ್ಟು ಹೊತ್ತು. ಸದ್ದು? ಇಲ್ಲ. ವಿಮಾನದ ದೀಪದಂತೆ ಮಿಣುಕುತ್ತಿತ್ತೇ? ಇಲ್ಲ, ಸರದ ಮಣಿಗಳಂತೆ ಒಂದರ ಹಿಂದೊಂದು. ಮೂವತ್ತರ ತನಕ ಎಣಿಸಿದರು. ಆಮೇಲೆ ತೆಂಗಿನ ಕಡೆಯಿಂದ ಬರುತ್ತಲೇ ಇದ್ದವು, ಟ್ಯಾಂಕಿನ ಮೇಲೆ ಒಂದೊಂದಾಗಿ ಆರಿಹೋಗುತ್ತಿದ್ದವು.

ಆರಿಹೋದದ್ದು ಒಂದೇ ಜಾಗದಲ್ಲಿ ಎಂಬ ಆ ಮಾತೇ ಗುಟ್ಟು ಬಿಡಿಸಿತು. ಡಿಸೆಂಬರ್ 18ರಂದು ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಒಂದೇ ರಾಕೆಟ್ಟಿನಲ್ಲಿ ಸ್ಟಾರ್‌ಲಿಂಕ್‌ನ 52 ಉಪಗ್ರಹಗಳು ಮೇಲೇರಿದ್ದವು. ಇಂಟರ್‌ನೆಟ್ ಒದಗಿಸುವ ಉಪಗ್ರಹಗಳು. ಮೊದಲ ಕೆಲವು ದಿನ ಅವು ಕೆಳಮಟ್ಟದಲ್ಲಿ ಒಟ್ಟೊಟ್ಟಾಗಿ ಸಾಗುತ್ತವೆ. ಆಮೇಲೆ ಮೇಲೇರಿ ದೂರದೂರ ಹಂಚಿಹೋಗುತ್ತವೆ. ಅವಕ್ಕೆ ಸ್ವಂತ ದೀಪವಿಲ್ಲ. ಗುಂಡ್ಲುಪೇಟೆಯ ಬೀದಿಗಳಲ್ಲಿ ಕತ್ತಲಾಗಿದ್ದರೂ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೆತ್ತಿಯಲ್ಲಿ ಇನ್ನೂ ಬಿಸಿಲು ಉಳಿದಿರುವುದಿಲ್ಲವೇ, ಹಾಗೆಯೇ ಇದು. ನೂರಾರು ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಬೆಳಕು ಬಹಳ ಹೊತ್ತು ಇರುತ್ತದೆ. ಉಪಗ್ರಹ ಭೂಮಿಯ ನೆರಳಿಗೆ ಹೊಕ್ಕ ಕೂಡಲೇ ಆರಿದಂತೆ ಕಾಣುತ್ತದೆ. ಹಿಂದಿನದು ಅದೇ ಜಾಗಕ್ಕೆ ಬಂದಾಗ ಅದೂ ಆರುತ್ತದೆ. ಆ ತಿಂಗಳು ಉಡುಪಿ, ಮಂಗಳೂರಿನ ಕಡೆಯವರೂ ಇಂಥದೇ ಸಾಲು ಕಂಡು ಫೋನಿನಲ್ಲಿ ಚಿತ್ರ ಹಿಡಿದಿದ್ದರು. ಅವರನ್ನು ಯಾರೂ ಅರಳುಮರಳು ಎನ್ನಲಿಲ್ಲ. ಅತ್ತೆಯ ಕೈಯಲ್ಲಿ ಫೋನಿರಲಿಲ್ಲ, ಬಟ್ಟೆಯಿತ್ತು.

ಕಂಡವರ ಮಾತಿಗೂ ಕೇಳಿದವರ ಮಾತಿಗೂ ನಡುವೆ ಏನೇನೋ ಸೇರಿಕೊಳ್ಳುವುದು ಹಳೆಯ ಕತೆ. 1947ರ ಜೂನ್ 24ರಂದು ಅಮೆರಿಕದಲ್ಲಿ ಕೆನೆತ್ ಅರ್ನಾಲ್ಡ್ ಎಂಬ ವಿಮಾನ ನಡೆಸುವಾತ, ಬೆಟ್ಟದ ಬಳಿ ಒಂಬತ್ತು ವಸ್ತುಗಳು ಹಾರಿದ್ದನ್ನು ಕಂಡೆ, ನೀರಿನ ಮೇಲೆ ತಟ್ಟೆ ಎಸೆದರೆ ಕುಪ್ಪಳಿಸುವಂತೆ ಹೋದವು ಎಂದ. ಆತ ಹೇಳಿದ್ದು ಹೋದ ರೀತಿ. ಪತ್ರಿಕೆಗಳು ಅದನ್ನು ಆಕಾರ ಮಾಡಿಬಿಟ್ಟವು. 'ಹಾರುವ ತಟ್ಟೆ' ಹುಟ್ಟಿದ್ದು ಹಾಗೆ. ಆಮೇಲೆ ಕಂಡವರಿಗೆಲ್ಲ ತಟ್ಟೆಯೇ ಕಂಡಿತು.

ನಮ್ಮವರದೇ ಒಂದು ಪ್ರಸಂಗವನ್ನು ಆ ರಾತ್ರಿ ಅತ್ತೆಯ ಮಗನಿಗೆ ಹೇಳಿದೆ. 2012ರ ಆಗಸ್ಟಿನಿಂದ 2013ರ ಫೆಬ್ರವರಿವರೆಗೆ ಲಡಾಖಿನ ಪ್ಯಾಂಗಾಂಗ್ ಸರೋವರದ ಬಳಿ ನಮ್ಮ ಸೈನಿಕರು ಚೀನಾದ ಕಡೆ ಆಕಾಶದಲ್ಲಿ ಬೆಳಕು ಕಂಡು 329 ಸಲ ದಾಖಲಿಸಿದರು. ಗಡಿ ದಾಟುವ ಬೇಹುಗಾರಿಕೆಯ ಡ್ರೋನ್ ಇರಬೇಕೆಂಬ ಅನುಮಾನ. ಕಡೆಗೆ ಬಿಡಿಸಿ ಹೇಳಿದವರು ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು. ಒಂದು ಗುರು, ಇನ್ನೊಂದು ಶುಕ್ರ. ಅಷ್ಟು ಎತ್ತರದ ತಿಳಿಗಾಳಿಯಲ್ಲಿ ಗ್ರಹಗಳು ನಮಗೆ ಕಾಣುವುದಕ್ಕಿಂತ ಬಹಳ ಪ್ರಖರವಾಗಿ ಕಾಣುತ್ತವೆ. ಗಡಿ ಕಾಯುವ ಕಣ್ಣಿಗೆ ಡ್ರೋನ್ ಅನಿಸಿದ್ದರಲ್ಲಿ ಆಶ್ಚರ್ಯವೇನು? ಸೈನಿಕರು ಕಂಡದ್ದನ್ನು ಹೊತ್ತು ಸಮೇತ ಬರೆದಿಟ್ಟಿದ್ದರಿಂದಲೇ ಲೆಕ್ಕ ಹೊಂದಿತು. ಅವರನ್ನು ಯಾರೂ ಕೋಣೆಯಲ್ಲಿ ಕೂಡಿಹಾಕಲಿಲ್ಲ.

ಅವನು ಮಾತಾಡಲಿಲ್ಲ. ಅವನ ಹೆಂಡತಿ ಮಾತ್ರ, "ಅಂದ್ರೆ ಅತ್ತೆ ಹೇಳಿದ್ದು ನಿಜವಾ?" ಎಂದು ಮೆಲ್ಲಗೆ ಕೇಳಿದಳು. ಆ ಹುಡುಗಿಯನ್ನೂ ದೂರಲಾರೆ. ಊರಿನವರು ನಗುತ್ತಾರೆಂಬ ಅಂಜಿಕೆ ಅವಳಿಗೆ. ಲೆಕ್ಕಕ್ಕಿಂತ ಶಕುನ ಬೇಗ ನಂಬುವ ಸೀಮೆ ನಮ್ಮದು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆಂದು ಎಷ್ಟೋ ವರ್ಷ ದೊಡ್ಡದೊಡ್ಡವರೇ ಇತ್ತ ತಲೆ ಹಾಕಲಿಲ್ಲ. 2013ರಲ್ಲಿ ಸಿದ್ದರಾಮಯ್ಯನವರು ಬಂದರು, ಮತ್ತೆ ಮತ್ತೆ ಬಂದರು, 2018ರವರೆಗೆ ಐದು ವರ್ಷ ಪೂರೈಸಿದರು. ಆದರೂ ಆ ಮಾತು ಇನ್ನೂ ಸತ್ತಿಲ್ಲ.

ಕೊಳ್ಳಿದೆವ್ವದ ವಿಷಯ ಎತ್ತಿದ್ದು ಅತ್ತೆಯೇ. ಮದುವೆಯಾಗಿ ಬಂದ ಹೊಸದರಲ್ಲಿ ಕಾಡಂಚಿನ ಹೊಲಗಳಲ್ಲಿ ರಾತ್ರಿ ಬೆಂಕಿ ನಡೆದಾಡುತ್ತಿತ್ತಂತೆ. ಕೊಳ್ಳಿದೆವ್ವ ಎಂದು ಅವರ ಅತ್ತೆ ಹೊರಗೆ ಬಿಡುತ್ತಿರಲಿಲ್ಲ. "ನಿಮ್ಮ ಮಾವ ರಾಗಿ ಕಾಯಕ್ಕೆ ಅಟ್ಟಣೆಗೆ ಹೋಗೋವ್ರು. ಒಂದಿನ ನಾನೇ ಬುತ್ತಿ ತಕಂಡು ಹೋದೆ. ನೋಡಿದ್ರೆ ದೆವ್ವ ಇವ್ರೇ ಕಣೆ. ಆನೆ ಬಂದಾವು ಅಂತ ಕೊಳ್ಳಿ ಹಿಡ್ಕಂಡು ಬದಿನ ಮೇಲೆ ಓಡಾಡ್ತಾವ್ರೆ!" ಹೇಳಿ ಅವರು ನಕ್ಕ ನಗು ಮನೆಯೆಲ್ಲ ಕೇಳಿತು.

ಉಪಗ್ರಹದ ವಿಷಯ ಪೂರ್ತಿ ಕೇಳಿದ ಮೇಲೆ ಅವರದು ಒಂದೇ ಪ್ರಶ್ನೆ: "ನಮ್ಮ ಆಕಾಶದ ಮೇಲೆ ಅಷ್ಟೊಂದ ಬಿಡಕ್ಕೆ ಯಾರ ಕೇಳಿದ್ರು?" ನನ್ನಲ್ಲಿ ಉತ್ತರವಿರಲಿಲ್ಲ. ದೂರದರ್ಶಕದ ಚಿತ್ರಗಳಲ್ಲಿ ಈ ಉಪಗ್ರಹಗಳು ಗೀರು ಎಳೆಯುತ್ತವೆಂದು ಖಗೋಳ ವಿಜ್ಞಾನಿಗಳೂ ತಕರಾರು ಎತ್ತಿದ್ದಾರೆ ಎಂದಷ್ಟೇ ಹೇಳಿದೆ.

ಅತ್ತೆ ಮೈಸೂರಿಗೆ ಹೋಗಲಿಲ್ಲ. ತಾರಸಿಯ ಬೀಗದಕೈ ಅವರ ಸೆರಗಿನ ತುದಿಗೆ ಬಂತು.

2023ರ ಜೂನ್ 1ರಂದು ಚಾಮರಾಜನಗರದ ಹತ್ತಿರ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿತ್ತು. ಅದರಲ್ಲಿದ್ದ ಇಬ್ಬರೂ ಪ್ಯಾರಾಚೂಟಿನಲ್ಲಿ ಇಳಿದು ಉಳಿದುಕೊಂಡರು, ಅವರಲ್ಲಿ ಒಬ್ಬಳು ಹೆಣ್ಣುಮಗಳು. ಸುದ್ದಿ ಹಬ್ಬಿದ ಸ್ವಲ್ಪ ಹೊತ್ತಿಗೇ ಅತ್ತೆಯ ಫೋನು ಬಂತು. "ನಿಮ್ಮೂರ ಹತ್ರ ಆಕಾಶದಿಂದ ಜನವೇ ಇಳಿದ್ರಂತಲ್ಲೇ. ನೀ ನೋಡಿದ್ಯಾ?" ನೋಡಲಿಲ್ಲ ಅತ್ತೆ ಎಂದೆ. "ತಾರಸಿ ಮೇಲೆ ಹೋಗ್ಬೇಕು ಕಣೆ" ಎಂದು ಗದರಿ, ದನಿ ತಗ್ಗಿಸಿ ಕೇಳಿದರು: "ಆ ಹುಡುಗಿಗೆ ಪೆಟ್ಟೇನೂ ಆಗಿಲ್ಲ ತಾನೆ?"